ಬಾಂದುಕಲ್ಲಿನ ಕೆಳಗೆ ಇದ್ದಿಲಿರಲಿಲ್ಲ

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ನಮ್ಮ ಅತ್ತಿಗೆಯ ಹೊಲದ ವಾಯವ್ಯ ಮೂಲೆಯಲ್ಲಿ, ಬಲಗಾಲನ್ನು ಬಾಂದುಕಲ್ಲಿನ ನೆತ್ತಿಯ ಮೇಲಿಟ್ಟುಕೊಂಡು ನಿಂತಿದ್ದೆ. ಮುಖ ದಕ್ಷಿಣಕ್ಕಿತ್ತು. ಬಿಸಿಲು ಎಡಗೆನ್ನೆಗೆ ಬೀಳುತ್ತಿತ್ತು. ಎದುರಿಗೆ, ಇಪ್ಪತ್ತು ಹೆಜ್ಜೆ ದೂರದಲ್ಲಿ, ಅತ್ತಿಗೆಯ ಹಸುವಿನ ಕೊಟ್ಟಿಗೆ. ಇಷ್ಟನ್ನು ನಾನು ಯಾವ ಅಧಿಕಾರಿಯ ಮುಂದೆ ಬೇಕಾದರೂ ಹೇಳಬಲ್ಲೆ. ಇದಕ್ಕಿಂತ ಹೆಚ್ಚು ಹೇಳುವ ಧೈರ್ಯ ಆ ದಿನದಿಂದ ಕಡಿಮೆಯಾಗಿದೆ.

ಬಾಂದುಕಲ್ಲೆಂದರೆ ಸರ್ವೆಯವರು ಹೊಲದ ಎಲ್ಲೆಗೆ ನೆಡುವ ಕಲ್ಲು. ಮೊಣಕಾಲಿನಷ್ಟು ಎತ್ತರ. ಅದರ ಮೇಲೆ ಕಾಲಿಟ್ಟು ನಿಲ್ಲಬೇಕಾದ ಅಗತ್ಯವೇನೂ ಇರಲಿಲ್ಲ. ಹುಲಿ ಹೊಡೆದವರು ಹಳೆಯ ಫೋಟೋಗಳಲ್ಲಿ ಹಾಗೆ ನಿಂತಿರುತ್ತಾರೆ. ನನಗೆ ಅಂದು ಅಷ್ಟೇ ಉತ್ಸಾಹವಿತ್ತು, ಏಕೆಂದರೆ ನಾನು ಸಾಕ್ಷಿಯಾಗಿ ಬಂದಿದ್ದೆ.

ನಮ್ಮ ಊರು ದೇವನಹಳ್ಳಿಯಿಂದ ಆವತಿಗೆ ಹೋಗುವ ದಾರಿಯಲ್ಲಿ ಎಡಕ್ಕೆ ತಿರುಗಿ ಒಳಗೆ ಹೋದರೆ ಸಿಗುತ್ತದೆ. ಅತ್ತಿಗೆ ಎಂದೆನಲ್ಲ, ಅವರು ನನ್ನ ದೊಡ್ಡಪ್ಪನ ಮಗನ ಹೆಂಡತಿ. ಅಣ್ಣ ತೀರಿಹೋಗಿದ್ದಾರೆ. ಮಗ, ಸೊಸೆ ಇಬ್ಬರೂ ಏರ್‌ಪೋರ್ಟಿನ ಕಡೆ ಕೆಲಸಕ್ಕೆ ಹೋಗುತ್ತಾರೆ. ಅತ್ತಿಗೆಗೆ ಎಪ್ಪತ್ತು ದಾಟಿದೆ, ಮೂರು ಹಸು ಸಾಕಿಕೊಂಡು ಎರಡೂ ಹೊತ್ತು ಡೈರಿಗೆ ಹಾಲು ಹಾಕುತ್ತಿದ್ದರು. ಹಸು ಮಗನಿಗೆ ಬೇಡ, ಅವರಿಗೆ ಬೇಕು. ಪಶ್ಚಿಮದ ಪಕ್ಕದ ಹೊಲ ಮಾರಾಟವಾಗಿ, ಕೊಂಡವರು ಕಾಂಪೌಂಡ್ ಹಾಕಿಸಲು ಬಂದಾಗ ಎಲ್ಲೆ ಎಲ್ಲಿ ಎಂಬ ಮಾತು ಎದ್ದಿತು. ಹದ್ದುಬಸ್ತಿಗೆ, ಅಂದರೆ ಎಲ್ಲೆ ಅಳೆದು ಗುರುತು ಮಾಡಿಕೊಡಿ ಎಂದು, ಅತ್ತಿಗೆಯೇ ಅರ್ಜಿ ಹಾಕಿಸಿದ್ದರು. ಎಲ್ಲೆ ಕೊಟ್ಟಿಗೆಯ ಮೇಲೆ ಹಾದುಹೋದರೆ ಕೊಟ್ಟಿಗೆ ಒಡೆಯಬೇಕು. ಒಡೆದರೆ ಇನ್ನೊಂದು ಕಟ್ಟಿಸುವುದಿಲ್ಲ, ಹಸು ಮಾರಿಬಿಡೋಣ ಎಂದು ಮಗ ಮೊದಲೇ ಹೇಳಿಬಿಟ್ಟಿದ್ದ. ಅಂದು ಅಳತೆಗೆ ಸಿಕ್ಕಿದ್ದದ್ದು ಅತ್ತಿಗೆಯ ಬೆಳಗು, ಸಂಜೆ ಎರಡೂ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನಾನು ಕಲ್ಲಿನ ಮೇಲೆ ಕಾಲಿಟ್ಟಿದ್ದೆ.

ನನ್ನನ್ನೇ ಏಕೆ ಕರೆದರೆಂದರೆ, ನಾನು ನಿವೃತ್ತ ಇಂಗ್ಲಿಷ್ ಮೇಷ್ಟ್ರು, ಮತ್ತು ಊರಿನಲ್ಲಿ ಕರಾರುವಾಕ್ಕಿಗೆ ಹೆಸರಾದವನು. ಬಸ್ಸು ಎಂಟು ಗಂಟೆಗೆ ಹೋಯಿತು ಎಂದು ಯಾರಾದರೂ ಹೇಳಿದರೆ ಏಳು ಐವತ್ತೇಳು ಎಂದು ತಿದ್ದುತ್ತೇನೆ. ಸಾವಿನ ಮನೆಯಲ್ಲಿಯೂ ತಿದ್ದಿದ್ದೇನೆ. ಹೋದವರ ವಯಸ್ಸು ಎಪ್ಪತ್ತಾರಲ್ಲ, ಎಪ್ಪತ್ತೈದು ಮುಗಿದು ನಾಲ್ಕು ತಿಂಗಳು ಎಂದು ನಾನು ಹೇಳಿದಾಗ, ಅಳುತ್ತಿದ್ದವರು ಒಂದು ಕ್ಷಣ ಅಳು ನಿಲ್ಲಿಸಿ ನನ್ನ ಕಡೆ ನೋಡಿದ್ದರು. ಅದನ್ನು ನಾನು ಮೆಚ್ಚುಗೆ ಎಂದುಕೊಂಡಿದ್ದೆ.

ಆ ವಾರ ನನ್ನ ಉತ್ಸಾಹಕ್ಕೆ ಇನ್ನೊಂದು ಕಾರಣವೂ ಇತ್ತು. ಹೋಬಳಿಯ ಪ್ರೌಢಶಾಲೆಯವರು ಶುಕ್ರವಾರ ಬಂದು ಹತ್ತನೇ ತರಗತಿಯ ಮಕ್ಕಳಿಗೆ ‘ಗೋಲ್’ ಬಗ್ಗೆ ಮಾತಾಡಿ ಎಂದಿದ್ದರು. ಈ ಭಾಷಣ ನನಗೆ ಬಾಯಿಪಾಠ. ಬೋರ್ಡಿನ ಮೇಲೆ ಒಂದು ವೃತ್ತ, ಅದರೊಳಗೆ ಚಿಕ್ಕ ವೃತ್ತ, ಅದಕ್ಕೆ ನಾಟಿದ ಒಂದು ಬಾಣ. ಗೋಲ್ ಇಲ್ಲದ ಜೀವನ ವಿಳಾಸವಿಲ್ಲದ ಕಾಗದದಂತೆ ಎನ್ನುತ್ತಿದ್ದೆ. ಮಕ್ಕಳು ಕಾಗದ ಬರೆಯುವುದನ್ನು ಬಿಟ್ಟು ಎಷ್ಟೋ ಕಾಲವಾದ ಮೇಲೂ ಅನ್ನುತ್ತಿದ್ದೆ. ಮೇಷ್ಟ್ರೇ, ನಿಮ್ಮ ಗೋಲ್ ಏನಿತ್ತು ಎಂದು ಯಾವ ಮಗುವೂ ಕೇಳಲಿಲ್ಲ, ನನ್ನ ಪುಣ್ಯ. ನನ್ನ ಸೇವಾವಧಿಯಲ್ಲಿ ನನಗೆ ಖಚಿತವಾಗಿ ಇದ್ದ ಗೋಲ್ ಒಂದೇ: ಏಳು ಐವತ್ತೇಳರ ಬಸ್ಸು.

ಈ ಸಲ ಹೊಸದೇನಾದರೂ ಹೇಳೋಣವೆಂದು ಭಾನುವಾರ ನನ್ನ ದೊಡ್ಡ ನಿಘಂಟನ್ನು ತೆರೆದೆ. ಓದಿ ಬೆರಗಾದೆ. ಈ ಪದ ಮೊದಲು ಕಾಣಿಸಿಕೊಂಡದ್ದು ಹಳೆಯ ಇಂಗ್ಲಿಷ್ ಪದ್ಯವೊಂದರಲ್ಲಿ, ಒಂದೇ ಒಂದು ಸಲ. ಅಲ್ಲಿ ಅದರ ಅರ್ಥ ಗುರಿಯಲ್ಲ, ಎಲ್ಲೆ. ಇಲ್ಲಿಯವರೆಗೆ, ಇದರಾಚೆಗಿಲ್ಲ ಎನ್ನುವ ಗಡಿ. ಆಮೇಲೆ ಬಹಳ ಕಾಲ ಅದರ ಸುದ್ದಿಯೇ ಇಲ್ಲ. ಮತ್ತೆ ಕಾಣಿಸಿಕೊಂಡಾಗ ಅದು ಓಟದ ಪಂದ್ಯದಲ್ಲಿ ಓಟ ಮುಗಿಯುವ ಜಾಗದ ಗುರುತಾಗಿತ್ತು. ಅಲ್ಲಿಂದ ಚೆಂಡಾಟಕ್ಕೆ, ಅಲ್ಲಿಂದ ಮನುಷ್ಯರ ಆಸೆಗಳಿಗೆ, ಕೊನೆಗೆ ನನ್ನ ಬೋರ್ಡಿಗೆ ಬಂದಿತ್ತು. ನಮ್ಮಲ್ಲಿಯೂ ಗುರಿ, ಗುರುತು ಒಂದೇ ಬೇರಿನವಲ್ಲವೇ ಎಂದು ಹೊಳೆದು ಎದ್ದು ಓಡಾಡಿದೆ. ನಿಘಂಟಿನ ಆ ನಮೂದಿನಲ್ಲಿ ಇನ್ನೂ ಒಂದು ಮಾತಿತ್ತು: ಪದದ ಮೂಲ ಖಚಿತವಿಲ್ಲ. ತಡೆ ಎಂಬ ಅರ್ಥದ ಇನ್ನೊಂದು ಹಳೆಯ ಪದದಿಂದ ಬಂದಿರಬಹುದು, ಅದೂ ಬರೀ ಊಹೆ. ಇಷ್ಟು ದಪ್ಪ ಪುಸ್ತಕ ಮಾಡಿ ಇಷ್ಟನ್ನು ಪತ್ತೆ ಮಾಡಲಾಗಲಿಲ್ಲವೇ ಎಂದು ನನಗೆ ಕೊಂಚ ಸಿಟ್ಟು ಬಂತು. ಆ ಸಾಲನ್ನು ಟಿಪ್ಪಣಿಗೆ ಬರೆದುಕೊಳ್ಳಲಿಲ್ಲ.

ಮಂಗಳವಾರ ಸರ್ವೆಗೆ ಬಂದವರು ಮೂವತ್ತರ ಆಸುಪಾಸಿನ ಹೆಣ್ಣುಮಗಳು. ತಲೆಗೆ ಕ್ಯಾಪು, ಕೈಯಲ್ಲಿ ಹಳೆಯ ಅಳತೆಯ ನಕ್ಷೆಯ ನಕಲು. ಕೊಂಡವರ ಕಡೆಯಿಂದ ಕಾಂಪೌಂಡಿನ ಮೇಸ್ತ್ರಿ ಬಂದಿದ್ದ, ಅಳತೆಯ ಸರಪಳಿಯ ಇನ್ನೊಂದು ತುದಿ ಹಿಡಿಯುತ್ತಿದ್ದವನು ಅವನೇ. ಬದುವಿನ ಮೇಲೆ ಊರಿನ ಗಾರೆ ತಾತ ಕೂತಿದ್ದರು. ನಮ್ಮೂರಿನ ಅರ್ಧ ಮನೆಗಳನ್ನು ಕಟ್ಟಿದವರು ಅವರು, ನನ್ನ ಮನೆಯನ್ನೂ ಅವರೇ ಕಟ್ಟಿದ್ದು. ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ನನ್ನಿಂದ ಐದು ಹೆಜ್ಜೆ ಪಶ್ಚಿಮಕ್ಕೆ, ಒಂದು ಲಕ್ಕಿ ಗಿಡದ ಪಕ್ಕ ನಿಂತಿದ್ದರು. ಅಲ್ಲಿ ಇದ್ದವರು ಇಷ್ಟೇ ಜನ.

“ನಕ್ಷೆಯಲ್ಲಿ ಈ ಮೂಲೆ ಅಂಕಿ ಮಾಸೋಗಿದೆ ಸಾರ್. ಮೂರೋ ಎಂಟೋ ಗೊತ್ತಾಗ್ತಿಲ್ಲ,” ಎಂದರು ಸರ್ವೆಯವರು. “ಕಲ್ಲು ಮೊದಲಿಂದ ಇಲ್ಲೇ ಇತ್ತಾ? ಹಿರಿಯರು ಹೇಳಿದ್ರೆ ಮಹಜರಲ್ಲಿ ಬರ್ಕೋತೀನಿ.”

“ನಾನು ಏಳು ವರ್ಷದವನಾಗಿದ್ದಾಗಿನಿಂದ ಈ ಕಲ್ಲು ಇದೇ ಜಾಗದಲ್ಲಿದೆ ಮೇಡಂ,” ಎಂದೆ. “ನಾವು ಹುಡುಗರು ಮನೆಯಿಂದ ಓಡಿಬಂದು ಇದನ್ನ ಮುಟ್ತಿದ್ವಿ. ಮೊದಲು ಮುಟ್ಟಿದವನು ಗೆದ್ದ ಹಾಗೆ. ನಿಮಗೊಂದು ಸ್ವಾರಸ್ಯ ಹೇಳ್ತೀನಿ, ಗೋಲ್ ಅನ್ನೋ ಇಂಗ್ಲಿಷ್ ಪದ ಇದೆಯಲ್ಲ, ಅದರ ಮೊದಲ ಅರ್ಥ ಏನು ಗೊತ್ತಾ? ಎಲ್ಲೆ! ಆಮೇಲೆ ಓಟದ ಕೊನೆ! ಅಂದ್ರೆ ಇದೇ ಕಲ್ಲು ನೋಡಿ!”

“ಹೌದಾ ಸಾರ್. ಸ್ವಲ್ಪ ಆ ಕಡೆ ಸರೀರಿ, ಚೈನ್ ಹಿಡೀಬೇಕು.”

ನಾನು ಸರಿದೆ. ಕಾಲು ಕೆಳಗಿಳಿಯಿತು. ಆಗ ಅತ್ತಿಗೆ ಬಾಯಿ ತೆರೆದರು.

“ಮೇಷ್ಟ್ರೇ, ಸರಿಯಾಗಿ ನೋಡಪ್ಪಾ. ಕಲ್ಲಿದ್ದಿದ್ದು ಅಲ್ಲಲ್ಲ. ಇಲ್ಲಿ, ನಾನು ನಿಂತಿದೀನಲ್ಲ, ಇಲ್ಲಿ.”

“ಅತ್ಗೆ, ನೀವು ಸುಮ್ನಿರಿ. ನಾನು ಕಣ್ಣಾರೆ ನೋಡಿದ್ದನ್ನ ಹೇಳ್ತಿದೀನಿ.”

“ನಾನೇನು ಕಣ್ಣು ಮುಚ್ಕೊಂಡು ಬಾಳಾಟ ಮಾಡ್ದೆನಾ? ನಮ್ಮಾವ ಕಟ್ಟಿದ್ದು ಈ ಕೊಟ್ಟಿಗೆ. ಅವ್ರೇನು ಕುರುಡ್ರಾ, ಇನ್ನೊಬ್ರ ನೆಲದಲ್ಲಿ ಗೋದಲಿ ಕಟ್ಟಕ್ಕೆ?”

“ಆ ಕಾಲದಲ್ಲಿ ಅಳತೆ ಎಲ್ಲಿತ್ತು ಅತ್ಗೆ, ಎಲ್ಲಾ ಕಣ್ಣಂದಾಜು.”

ದೊಡ್ಡಪ್ಪನ ಕಣ್ಣಂದಾಜನ್ನು ನಾನು ಹೀಗೆ ತಳ್ಳಿಹಾಕಿದೆ. ಇದನ್ನು ಬರೆಯುವಾಗ ಪೆನ್ನು ನಿಂತು ನಿಂತು ಹೋಗುತ್ತಿದೆ.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಮನೆಗಳಲ್ಲಿ ದೀಪಾವಳಿಯ ದಿನ ಹೊಲದ ಮೂಲೆಗೆ ಚೆಂಡುಹೂವನ್ನೂ ಒಂದು ಹಿಡಿ ಎಡೆಯನ್ನೂ ಇಡುವ ರೂಢಿಯಿದೆ. ಅತ್ತಿಗೆ ಅದನ್ನು ಪ್ರತಿ ವರ್ಷ ಆ ಲಕ್ಕಿ ಗಿಡದ ಬುಡದಲ್ಲಿ, ಖಾಲಿ ನೆಲದ ಮೇಲೆ ಇಡುತ್ತಿದ್ದರು. ಐದು ಹೆಜ್ಜೆ ಆಚೆ ಕಲ್ಲು ಇರುವಾಗ ಬರೀ ಮಣ್ಣಿಗೇಕೆ ಪೂಜೆ ಎಂದು ನಾನು ಎಷ್ಟೋ ಸಲ ತಮಾಷೆ ಮಾಡಿದ್ದೆ. ‘ಅತ್ಗೆ, ದೇವರು ಆ ಕಡೆ ಕೂತವ್ನೆ’ ಎನ್ನುತ್ತಿದ್ದೆ. ಅವರು ಹೂವು ಸರಿಮಾಡಿ ಮೇಲೇಳುತ್ತಿದ್ದರು. ಇನ್ನೂ ಒಂದು. ಪೂಜೆ ಮಾಡುವ ಯಾವುದಕ್ಕೂ ಕಾಲು ತಾಗಿಸಲು ಬಿಡುವವರಲ್ಲ ಅವರು, ಹೊಸ್ತಿಲ ಮೇಲೆ ಕಾಲಿಟ್ಟರೂ ಬೈಯುತ್ತಾರೆ. ಅಂದು ನಾನು ಕಲ್ಲಿನ ಮೇಲೆ ಕಾಲಿಟ್ಟು ಅಷ್ಟು ಹೊತ್ತು ನಿಂತಿದ್ದರೂ ಒಂದು ಮಾತು ಆಡಿರಲಿಲ್ಲ. ಕರಾರುವಾಕ್ಕಿನ ಮನುಷ್ಯನಾದ ನಾನು ಇದನ್ನು ಗಮನಿಸಬೇಕಿತ್ತು.

ಮೇಸ್ತ್ರಿ ಕಲ್ಲಿಗೆ ದಾರ ಕಟ್ಟಿ ದಕ್ಷಿಣದ ತುದಿಯ ಕಲ್ಲಿನವರೆಗೆ ಎಳೆದ. ದಾರ ಕೊಟ್ಟಿಗೆಯ ಒಂದು ಗೋಡೆಯಿಂದ ಹೊಕ್ಕು ಇನ್ನೊಂದು ಗೋಡೆಯಿಂದ ಹೊರಬರಬೇಕಾಗಿದ್ದರಿಂದ ಅದನ್ನು ಸೂರಿನ ಮೇಲೆ ಹಾಯಿಸಿದ.

“ಗೋದಲಿ ಪೂರ್ತಿ ನಮ್ ಕಡೆಗೆ ಬರ್ತದೆ ಮೇಡಂ,” ಎಂದ.

ಅತ್ತಿಗೆ ದಾರವನ್ನು ನೋಡಿದರು, ಸೂರನ್ನು ನೋಡಿದರು, ನನ್ನನ್ನು ನೋಡಿದರು. “ಅಂದ್ರೆ ನನ್ ಹಸು ಹುಲ್ಲು ತಿನ್ನೋದು ಅವ್ರ ಜಾಗದಲ್ಲಿ, ಸಗಣಿ ಹಾಕೋದು ನನ್ ಜಾಗದಲ್ಲಿ. ಚೆನ್ನಾಗಿ ಭಾಗ ಮಾಡ್ದೆ ಕಣಪ್ಪಾ.”

ಮೇಸ್ತ್ರಿ ನಕ್ಕ. ಸರ್ವೆಯವರು ತಲೆ ತಗ್ಗಿಸಿ ಬರೆಯತೊಡಗಿದರು. ನನ್ನ ಹೇಳಿಕೆಯನ್ನು ಓದಿ ಹೇಳಿದಾಗ ನಾನು ‘ಬಾಲ್ಯದಿಂದ’ ಎಂಬುದನ್ನು ಹೊಡೆಸಿ ‘ಏಳನೇ ವಯಸ್ಸಿನಿಂದ’ ಎಂದು ಬರೆಸಿದೆ. ಸಹಿ ಹಾಕಿದೆ. ಸಹಿಯ ಕೆಳಗೆ ದಿನಾಂಕ, ದಿನಾಂಕದ ಮುಂದೆ ವೇಳೆ. ಹನ್ನೊಂದು ಗಂಟೆ ಐದು ನಿಮಿಷ.

ಅತ್ತಿಗೆ ಆಗ ಕೊಟ್ಟಿಗೆಯ ಕಡೆ ಹೋದರು. ಒಳಗೆ ಹೋಗಲಿಲ್ಲ. ಬಾಗಿಲ ಕಂಬ ಹಿಡಿದು ನಿಂತರು. ಅವರ ಬೆನ್ನು ಮಾತ್ರ ಕಾಣುತ್ತಿತ್ತು. ತಲೆಯ ಮೇಲೆ ಒಂದು ವಿಮಾನ ಇಳಿಯುತ್ತಿದ್ದದ್ದರಿಂದ ಅವರು ಏನಾದರೂ ಹೇಳಿದರೋ ಇಲ್ಲವೋ ನನಗೆ ಕೇಳಿಸಲಿಲ್ಲ. ಸದ್ದು ಅಡಗಿದ ಮೇಲೆ ಗಾರೆ ತಾತ ಬದುವಿನ ಮೇಲಿಂದ ಮಾತಾಡಿದರು.

“ಮೇಡಮ್ಮೋರೇ, ಒಂದ್ಸಲ ಕಲ್ಲು ಕಿತ್ತು ನೋಡ್ಬಿಡಿ. ಕೆಳಗೆ ಇದ್ದಿಲಿದ್ರೆ ಹಳೇ ಕಲ್ಲು. ಇಲ್ದಿದ್ರೆ ಯಾರೋ ಆಮೇಲೆ ನೆಟ್ಟಿದ್ದು.”

ಇದು ನಮ್ಮ ಕಡೆಯ ಹಳೆಯ ಪದ್ಧತಿ. ಎಲ್ಲೆಗೆ ಕಲ್ಲು ನೆಡುವಾಗ ಗುಂಡಿಯ ತಳಕ್ಕೆ ಎರಡು ಮೂರು ಹಿಡಿ ಇದ್ದಿಲು ಸುರಿಯುತ್ತಿದ್ದರು. ಕಲ್ಲನ್ನು ಯಾರು ಬೇಕಾದರೂ ಕೀಳಬಹುದು, ಸರಿಸಬಹುದು. ಇದ್ದಿಲು ಕೊಳೆಯುವುದಿಲ್ಲ, ಗೆದ್ದಲು ತಿನ್ನುವುದಿಲ್ಲ, ಬೇರೆ ಮಣ್ಣಿನೊಂದಿಗೆ ಕಲೆತು ಮಾಯವಾಗುವುದಿಲ್ಲ. ಇದನ್ನೆಲ್ಲ ಸರ್ವೆಯವರಿಗೆ ವಿವರಿಸಿದವನು ನಾನೇ. ಅವರಿಗೆ ಗೊತ್ತಿತ್ತು, ಆದರೂ ಕೇಳಿಸಿಕೊಂಡರು. “ಅಗೆಸಿ ಮೇಡಂ, ಧಾರಾಳವಾಗಿ ಅಗೆಸಿ,” ಎಂದೆ. “ಅತ್ಗೆಗೂ ಸಮಾಧಾನ ಆಗಲಿ.”

ಮೇಸ್ತ್ರಿ ಹಾರೆ ಹಾಕಿದ. ಕಲ್ಲು ಮೂರನೇ ಏಟಿಗೆ ಅಲುಗಾಡಿತು. ಐದನೆಯದಕ್ಕೆ ಮಗ್ಗುಲಾಯಿತು. ಅಷ್ಟು ಸುಲಭಕ್ಕೆ ಬರಬಾರದಿತ್ತು. ನಾನು ಬಗ್ಗಿ ನೋಡಿದೆ. ಕೆಮ್ಮಣ್ಣು. ಇನ್ನೊಂದು ಮೊಳ ಅಗೆದ. ಕೆಮ್ಮಣ್ಣು, ಅದರ ನಡುವೆ ಒಂದು ಅರ್ಧ ಇಟ್ಟಿಗೆ. ಇದ್ದಿಲಿನ ಒಂದು ಚೂರೂ ಇರಲಿಲ್ಲ.

ಗಾರೆ ತಾತ ಎದ್ದು ಬಂದು ಇಟ್ಟಿಗೆಯನ್ನು ಕೈಗೆ ತೆಗೆದುಕೊಂಡರು, ಮಣ್ಣು ಒರೆಸಿದರು, ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಇದು ನಿಮ್ಮನೆ ಇಟ್ಟಿಗೆ ಅಲ್ವಾ ಮೇಷ್ಟ್ರೇ,” ಎಂದರು.

ನಾನು ಬಗ್ಗಿ ಇಟ್ಟಿಗೆಯನ್ನು ನೋಡಿದೆ.

“ನಿಮ್ಮನೆ ಕಟ್ಟುವಾಗ ಇಟ್ಟಿಗೆ ಲಾರಿ ಈ ಮೂಲೇಲಿ ತಿರುಗಿಸ್ಕೊಳ್ಳಕ್ಕೆ ಹೋಗಿ ಕಲ್ಲು ಬೀಳಿಸ್ತು. ಇಟ್ಟಿಗೇನೂ ಇಲ್ಲೇ ಇಳಿಸಿದ್ರಿ, ಆ ಗುಂಡಿ ಮೇಲೇನೇ. ರಾಶಿ ಖಾಲಿಯಾಗೋ ಹೊತ್ತಿಗೆ ಆರು ತಿಂಗಳಾಯ್ತು, ಗುಂಡಿ ಮುಚ್ಚೋಗಿತ್ತು. ಆಮೇಲೆ ನೀವೇ ನನ್ ಕರ್ಕೊಂಡು ಬಂದು ಕಲ್ಲು ನೆಡ್ಸಿದ್ರಿ. ನಾನು ಹಗ್ಗ ಹಿಡಿಯೋಣ ಅಂದೆ. ನೀವು, ಹಗ್ಗ ಯಾಕೆ ತಾತ, ಚಿಕ್ಕಂದಿನಿಂದ ನೋಡಿದೀನಿ, ನನಗೆ ಗೊತ್ತು, ಇಲ್ಲೇ ಅಂತ ಕಾಲಲ್ಲಿ ಗೀರಿ ತೋರ್ಸಿದ್ರಿ. ಕಲ್ಲು ಅಲುಗಾಡ್ತಿತ್ತು ಅಂತ ಈ ಇಟ್ಟಿಗೆ ಕೊಟ್ಟು ಬಿಗಿ ಮಾಡ್ದೆ.”

“ಅಲ್ಲಾ ತಾತ,” ಎಂದರು ಸರ್ವೆಯವರು, “ಇದನ್ನ ಮೊದಲೇ ಹೇಳೋದಲ್ವಾ? ಅವರ ಕೈಲಿ ಸಹಿ ಬೇರೆ ಹಾಕಿಸ್ಕೊಂಡೆ.”

“ಅವ್ರು ಮೇಷ್ಟ್ರು. ಅವರೇ ಹೇಳ್ತಾರೆ ಅಂತ ಕಾಯ್ತಿದ್ದೆ.”

ಆ ಮಾತಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಅವರು ನಿಜವಾಗಿಯೂ ಕಾದಿದ್ದರು. ನನ್ನ ಹೇಳಿಕೆ ಮುಗಿಯುವವರೆಗೆ, ಸಹಿಯಾಗುವವರೆಗೆ, ವೇಳೆ ಬರೆಯುವವರೆಗೆ.

ಲಕ್ಕಿ ಗಿಡದ ಬುಡದಲ್ಲಿ ಅಗೆಯಿರಿ ಎಂದು ಸರ್ವೆಯವರು ಮೇಸ್ತ್ರಿಗೆ ಹೇಳಿದರು. ಅಗೆದರೆ ತನ್ನ ಧಣಿಗೆ ನಷ್ಟವೆಂದು ಅವನಿಗೆ ತಿಳಿದಿತ್ತು. ಆದರೂ ನೆಟ್ಟಗೆ ಅಗೆದ, ಅದನ್ನು ನಾನು ದಾಖಲಿಸಬೇಕು. ಬೇರು ಅಡ್ಡ ಬಂದು ಸ್ವಲ್ಪ ತಡವಾಯಿತು. ಎರಡು ಗೇಣು ಕೆಳಗೆ ಮಣ್ಣಿನ ಬಣ್ಣ ಬದಲಾಯಿತು. ಅವನು ಹಾರೆ ಬದಿಗಿಟ್ಟು ಕೈಯಿಂದ ಕೆದರಿದ. ಇದ್ದಿಲು. ಹೆಬ್ಬೆರಳಿನಷ್ಟು ದಪ್ಪದ ತುಂಡುಗಳು, ನಿನ್ನೆ ಒಲೆಯಿಂದ ತೆಗೆದ ಹಾಗೆ ಕಪ್ಪಗೆ. ನಾನು ಒಂದನ್ನು ಎತ್ತಿಕೊಂಡೆ. ಬೆರಳಿಗೆ ಮಸಿ ಹತ್ತಿತು.

ಸರ್ವೆಯವರು ಅಲ್ಲಿಂದ ಸರಪಳಿ ಹಿಡಿಸಿ ಅಳೆದು ನಕ್ಷೆ ನೋಡಿದರು. “ಎಂಟು,” ಎಂದರು. “ಮೂರಲ್ಲ.” ದಾರವನ್ನು ಹೊಸ ಜಾಗದಿಂದ ಎಳೆದಾಗ ಅದು ಕೊಟ್ಟಿಗೆಯ ಗೋಡೆಯಿಂದ ಎರಡು ಅಡಿ ಆಚೆ ಹಾದುಹೋಯಿತು. ಕುರುಡರಲ್ಲದ ದೊಡ್ಡಪ್ಪ ಎರಡು ಅಡಿ ಬಿಟ್ಟೇ ಕಟ್ಟಿದ್ದರು.

ಅತ್ತಿಗೆ ಬಂದು ಗುಂಡಿಯೊಳಗೆ ನೋಡಿದರು. ಗೆದ್ದ ಮುಖವೇನೂ ಮಾಡಲಿಲ್ಲ. “ಅದನ್ನ ತೆಗೀಬೇಡ್ರಪ್ಪಾ, ಹಂಗೇ ಬಿಟ್ಟು ಮೇಲೆ ಕಲ್ಲು ನೆಡಿ,” ಎಂದರು ಮೇಸ್ತ್ರಿಗೆ. ನನ್ನ ಕೈಯಲ್ಲಿದ್ದ ತುಂಡನ್ನೂ ಇಸಿದುಕೊಂಡು ಗುಂಡಿಗೆ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿ, “ದೇವ್ರು ಯಾವ ಕಡೆ ಕೂತವ್ನಪ್ಪಾ ಮೇಷ್ಟ್ರೇ?” ಎಂದರು.

ನಾನು ಹೇಳಿಕೆ ಬದಲಾಯಿಸಬೇಕಾಗಿತ್ತು. ಏನೆಂದು ಬರೆಯಲಿ ಎಂದು ಸರ್ವೆಯವರು ಕೇಳಿದರು. ಕಲ್ಲು ಲಕ್ಕಿ ಗಿಡದ ಹತ್ತಿರವೇ ಇತ್ತು ಎಂದು ಬರೆಸಿಬಿಡಬಹುದಿತ್ತು. ಅತ್ತಿಗೆಗೆ ಅದೇ ಒಳ್ಳೆಯದು, ಇದ್ದಿಲೂ ಅದನ್ನೇ ಹೇಳುತ್ತಿತ್ತು. ಆದರೆ ಕಣ್ಣು ಮುಚ್ಚಿದರೆ ನನಗೆ ಕಾಣುತ್ತಿದ್ದದ್ದು ಬೇರೆ. ಏಳು ವರ್ಷದ ನಾನು ಓಡಿಬಂದು ಕಲ್ಲು ಮುಟ್ಟುತ್ತಿದ್ದೇನೆ. ಕಲ್ಲು ಇರುವುದು ಇಟ್ಟಿಗೆ ಸಿಕ್ಕ ಜಾಗದಲ್ಲಿ. ಈಗಲೂ, ಇದನ್ನು ಬರೆಯುವಾಗಲೂ, ಅಲ್ಲೇ ಇದೆ. ಲಾರಿ ಕಲ್ಲನ್ನು ಬೀಳಿಸಿದ ದಿನ, ತಾತನನ್ನು ಕರೆದುಕೊಂಡು ಬಂದ ದಿನ, ಕಾಲಲ್ಲಿ ಗೀರಿದ್ದು, ಯಾವುದೂ ನೆನಪಿಲ್ಲ. ನಾನೇ ನೆಟ್ಟ ಕಲ್ಲನ್ನು ನನ್ನ ಬಾಲ್ಯದೊಳಕ್ಕೂ ಕೊಂಡುಹೋಗಿ ನೆಟ್ಟುಬಿಟ್ಟಿದ್ದೆ, ಅದೂ ಅಲುಗಾಡದ ಹಾಗೆ. ಹಾಗಾದರೆ ಉಳಿದ ನೆನಪುಗಳ ಗತಿ ಏನು? ಅವುಗಳ ಕೆಳಗೆ ಅಗೆದು ನೋಡಲು ಮೇಸ್ತ್ರಿಯ ಹಾರೆ ಸಾಲದು.

“ನನಗೆ ಖಚಿತವಾಗಿ ನೆನಪಿಲ್ಲ ಅಂತ ಬರೀರಿ ಮೇಡಂ,” ಎಂದೆ.

“ಅಷ್ಟೇನಾ ಸಾರ್?”

“ಕಲ್ಲು ಇಷ್ಟು ದಿನ ಇದ್ದ ಜಾಗಕ್ಕೆ ಬಂದಿದ್ದು ನನ್ನಿಂದ ಅಂತಲೂ ಬರೀರಿ. ಹಾಗಂತ ತಾತ ಹೇಳ್ತಾರೆ.”

ಎರಡನೇ ಸಹಿ ಹಾಕಿದೆ. ವೇಳೆ ಬರೆಯಲಿಲ್ಲ. ಗಡಿಯಾರ ನೋಡಿಕೊಳ್ಳುವುದು ಮರೆತುಹೋಗಿತ್ತು. “ಬಾ, ಮಜ್ಜಿಗೆ ಕುಡಿ, ಬಿಸಿಲಲ್ಲಿ ನಿಂತು ಸಾಕ್ಷಿ ಹೇಳಿ ಹೇಳಿ ಸುಸ್ತಾಗಿದೀಯ,” ಎಂದು ನನಗೆ ಹೇಳಿ ಅತ್ತಿಗೆ ಎಲ್ಲರನ್ನೂ ಮನೆಗೆ ಕರೆದರು. ಮೇಸ್ತ್ರಿ ಎರಡು ಲೋಟ ಕುಡಿದ.

ಮನೆಗೆ ಬಂದು ನಿಘಂಟನ್ನು ಮತ್ತೆ ತೆರೆದೆ. ‘ಮೂಲ ಖಚಿತವಿಲ್ಲ.’ ಭಾನುವಾರ ಸೋಮಾರಿತನದಂತೆ ಕಂಡಿದ್ದ ಸಾಲು. ಎಷ್ಟೋ ಪುಸ್ತಕ ಹುಡುಕಿ, ಒಂದೇ ಒಂದು ಸಲ ಸಿಕ್ಕ ಪದವನ್ನು ಮುಂದಿಟ್ಟುಕೊಂಡು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆದು ಮುಂದಿನ ಪದಕ್ಕೆ ಹೋದವರು ಯಾರೋ. ಅವರನ್ನು ಹದ್ದುಬಸ್ತಿಗೆ ಕರೆಸಬೇಕಿತ್ತು.

ಶುಕ್ರವಾರ ಶಾಲೆಗೆ ಹೋದೆ. ಬೋರ್ಡಿನ ಮೇಲೆ ವೃತ್ತ ಬರೆಯಲಿಲ್ಲ. ಗೋಲ್ ಎಂಬ ಪದ ಮೊದಲು ಎಲ್ಲೆಯಾಗಿತ್ತಂತೆ, ಆಮೇಲೆ ಓಟದ ಕೊನೆಯಾಯಿತಂತೆ, ಅದಕ್ಕೂ ಹಿಂದೆ ಏನಿತ್ತೋ ಯಾರಿಗೂ ತಿಳಿಯದಂತೆ ಎಂದೆ. ಆಮೇಲೆ ಕಲ್ಲಿನ ಕಥೆ ಹೇಳಿದೆ, ಓಟದಲ್ಲಿ ನಾನು ಗೆಲ್ಲುತ್ತಿದ್ದದ್ದನ್ನೂ ಸೇರಿಸಿ. ಮುಗಿದ ಮೇಲೆ ಎರಡನೇ ಬೆಂಚಿನ ಒಬ್ಬಳು ಎದ್ದು, “ಸಾರ್, ಹಾಗಾದ್ರೆ ನೀವು ಚಿಕ್ಕವರಿದ್ದಾಗ ಓಟದಲ್ಲಿ ಗೆದ್ದಿದ್ದಾದ್ರೂ ನಿಜಾನಾ?” ಎಂದು ಕೇಳಿದಳು. ಯೋಚಿಸಿ ಹೇಳುತ್ತೇನೆ ಎಂದೆ. ಇನ್ನೂ ಹೇಳಿಲ್ಲ.

ಇದನ್ನು ಕಂಡ ಬೇರೆಯವರು ಯಾರು, ಈಗ ಎಲ್ಲಿದ್ದಾರೆ ಎಂಬುದನ್ನೂ ಬರೆದಿಡುತ್ತೇನೆ. ನನ್ನ ಒಬ್ಬನ ಮಾತನ್ನೇ ಯಾರೂ ನಂಬಿ ಕೂರಬಾರದು. ಸರ್ವೆಯವರು ವರ್ಗವಾಗಿ ದೊಡ್ಡಬಳ್ಳಾಪುರದ ಕಡೆ, ಸಾಸಲು ಹೋಬಳಿಯಲ್ಲಿ ಕೆಲಸ ಮಾಡುತ್ತಿದ್ದಾರೆಂದು ಕೇಳಿದ್ದೇನೆ, ನೋಡಿಲ್ಲ. ಮೇಸ್ತ್ರಿ ಕಾಂಪೌಂಡನ್ನು ದಾರಕ್ಕೆ ಸರಿಯಾಗಿ ಕಟ್ಟಿ ಮುಗಿಸಿ ಹೋದ. ಒಮ್ಮೆ ದೇವನಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ ನಮಸ್ಕಾರ ಮಾಡಿದ. ಗಾರೆ ತಾತ ಶ್ರಾವಣದಲ್ಲಿ ತೀರಿಕೊಂಡರು. ಅವರ ವಯಸ್ಸನ್ನು ಯಾರೋ ತೊಂಬತ್ತು ಎಂದರು, ನಾನು ತಿದ್ದಲಿಲ್ಲ. ಮೂರು ಹಸುಗಳಲ್ಲಿ ಎರಡು ಅದೇ ಗೋದಲಿಯಲ್ಲಿವೆ.

ಅತ್ತಿಗೆ ಇದ್ದಾರೆ. ಕಲ್ಲು ಎಲ್ಲಿತ್ತು ಎಂದು ತಿಳಿಯಬೇಕಾದವರು ಬೆಳಿಗ್ಗೆ ಡೈರಿಯ ಹತ್ತಿರ ಹೋಗಬೇಕು. ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿರುತ್ತಾರೆ. ಎಷ್ಟು ಗಂಟೆಗೆ ಎಂಬುದನ್ನೂ ಅವರನ್ನೇ ಕೇಳುವುದು ಒಳ್ಳೆಯದು.